ಮಣ್ಣಿನ ಗೋಡೆ ದಾಟಿಸಿದ ವೈ-ಫೈ: ಮಾಳಮಡ್ಡಿಯ ಮನೆಯಲ್ಲಿ ಎರಡನೇ ರೌಟರ್ ಹಾಕಿದ ನನ್ನ ಅನುಭವ

ಧಾರವಾಡದ ಹಳೇ ಮನೆಗಳಲ್ಲಿ ವೈ-ಫೈ ಹಿಂದಿನ ಕೋಣೆಗೆ ಮುಟ್ಟುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಗೋಡೆಯ ಬಗ್ಗೆ, ರೌಟರ್ ಬಗ್ಗೆ ಆಮೇಲೆ. ಮಾಳಮಡ್ಡಿಯ ನಮ್ಮ ಮನೆಯ ಗೋಡೆ ಕಲ್ಲು-ಮಣ್ಣಿನದು, ಒಂದೂವರೆ ಅಡಿ ದಪ್ಪ. ಮೇಲೆ ಮಂಗಳೂರು ಹಂಚು. ಪಡಸಾಲೆ, ನಡುಮನೆ, ಅಡುಗೆಮನೆ, ಕೊನೆಗೆ ಹಿತ್ತಲಿಗೆ ಹತ್ತಿದ ಒಂದು ಕೋಣೆ. ಫೈಬರ್ ಬರುವುದು ಪಡಸಾಲೆಗೆ. ಮಗಳು ಕೂತು ಆಫೀಸಿನ ಕೆಲಸ ಮಾಡುವುದು ಹಿತ್ತಲಿನ ಕೋಣೆಯಲ್ಲಿ.

ಏನನ್ನಾದರೂ ಕೊಳ್ಳುವ ಮೊದಲು ಅಳತೆ ಮಾಡಿದೆ. ಫೋನಿನಲ್ಲಿ ವೈ-ಫೈ ಅನಲೈಸರ್ ಥರದ ಆ್ಯಪ್ ಹಾಕಿಕೊಂಡರೆ ಸಿಗ್ನಲ್ ಎಷ್ಟಿದೆ ಅಂತ ಡಿಬಿಎಂ ಲೆಕ್ಕದಲ್ಲಿ ತೋರಿಸುತ್ತದೆ. ಪಡಸಾಲೆಯಲ್ಲಿ -40, ನಡುಮನೆಯಲ್ಲಿ -56, ಅಡುಗೆಮನೆಯಲ್ಲಿ -70, ಹಿತ್ತಲಿನ ಕೋಣೆಯಲ್ಲಿ -82. ಸೊನ್ನೆಯಿಂದ ಕೆಳಗೆ ಹೋದಷ್ಟೂ ಸಿಗ್ನಲ್ ಸೋತಿದೆ ಎಂದರ್ಥ. ಪ್ರತಿ 3 ಡಿಬಿ ಇಳಿದರೆ ಶಕ್ತಿ ಅರ್ಧವಾಗುತ್ತದೆ. ವಿಡಿಯೊ ಕಾಲ್ ನೆಟ್ಟಗೆ ನಡೆಯಬೇಕೆಂದರೆ -67ರ ಆಸುಪಾಸು ಬೇಕು. ವೈ-ಫೈ ಹರಿಯುವ ಎರಡು ತರಂಗಪಟ್ಟಿಗಳಲ್ಲಿ ಇದು 2.4 ಗಿಗಾಹರ್ಟ್ಸ್‌ನ ಅಳತೆ. 5 ಗಿಗಾಹರ್ಟ್ಸ್ ಅಂತೂ ನಡುಮನೆಯಲ್ಲೇ ನಿಂತುಬಿಡುತ್ತಿತ್ತು. ಅದರ ವೇಗ ಜಾಸ್ತಿ, ಗೋಡೆ ತೂರುವ ಶಕ್ತಿ ಕಡಿಮೆ.

ಇನ್ನೊಂದು ಸಂಗತಿ ಗಮನಕ್ಕೆ ಬಂತು. ಶ್ರಾವಣದ ಜಿಟಿಜಿಟಿ ಮಳೆ ಹಿಡಿದಾಗ ಈ ಅಂಕಿ ಇನ್ನೂ ಕೆಳಗಿಳಿಯುತ್ತಿತ್ತು. ಮಣ್ಣಿನ ಗೋಡೆ ತೇವ ಕುಡಿಯುತ್ತದೆ, ನೀರು ಈ ಅಲೆಗಳನ್ನು ಹೀರುತ್ತದೆ. ಬೇಸಿಗೆಯಲ್ಲಿ ಅಳೆದು ಪರವಾಗಿಲ್ಲ ಅಂದುಕೊಂಡವರು ಆಗಸ್ಟ್‌ನಲ್ಲಿ ಇನ್ನೊಮ್ಮೆ ಅಳೆಯಬೇಕು. ನಡುಮನೆಯ ಗೋಡೆಗೆ ಒರಗಿಸಿಟ್ಟ ಕಬ್ಬಿಣದ ತಿಜೋರಿಯೂ ದೊಡ್ಡ ಅಡ್ಡಿ. ಅದನ್ನು ಪಕ್ಕಕ್ಕೆ ಸರಿಸಿದ್ದಕ್ಕೇ ಅಡುಗೆಮನೆಯಲ್ಲಿ ಸಿಗ್ನಲ್ ಸುಧಾರಿಸಿತು.

ಎಲ್ಲರೂ ಕೊಡುವ ಸಲಹೆ ರಿಪೀಟರ್, ಅಂದರೆ ಬಂದ ವೈ-ಫೈ ಸಿಗ್ನಲ್ ಹಿಡಿದು ಮುಂದಕ್ಕೆ ಹರಡುವ ಪೆಟ್ಟಿಗೆ. ಗೋಡೆಯ ಪ್ಲಗ್‌ಗೆ ಚುಚ್ಚಿದರೆ ಮುಗಿಯಿತು ಅನ್ನುತ್ತಾರೆ. ಪರಿಚಯದವರ ಹತ್ತಿರ ಒಂದನ್ನು ಕೇಳಿ ತಂದು ನೋಡಿದೆ. ಫೋನಿನಲ್ಲಿ ಕಡ್ಡಿಗಳು ತುಂಬಿ ಬಂದವು, ಕಾಲ್ ಮಾತ್ರ ಕಡಿಯುತ್ತಲೇ ಇತ್ತು. ಕಾರಣ ಸರಳ. ಒಂದೇ ರೇಡಿಯೊ ಇರುವ ರಿಪೀಟರ್ ಕೇಳಿದ್ದನ್ನೇ ಅದೇ ಚಾನೆಲ್‌ನಲ್ಲಿ ಮತ್ತೆ ಹೇಳಬೇಕು. ಕೇಳುವಾಗ ಹೇಳಲಾಗದು, ಹೇಳುವಾಗ ಕೇಳಲಾಗದು. ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಬೀಳುತ್ತದೆ. ಸಾಲದ್ದಕ್ಕೆ ಅದನ್ನು ಇಟ್ಟ ಜಾಗಕ್ಕೇ ಸೋತ ಸಿಗ್ನಲ್ ಬರುತ್ತಿದ್ದರೆ ಅದು ಹಂಚುವುದೂ ಅದನ್ನೇ. ಇಟ್ಟಿಗೆ ಗೋಡೆಯ ಸಣ್ಣ ಫ್ಲ್ಯಾಟ್‌ನಲ್ಲಿ ಇದು ನಡೆದೀತು. ನಮ್ಮಂಥ ಮನೆಗೆ ನಾನು ಯಾರಿಗೂ ಹೇಳುವುದಿಲ್ಲ. ಹಲವು ಪೆಟ್ಟಿಗೆಗಳು ಸೇರಿ ಒಂದೇ ವೈ-ಫೈ ಹರಡುವ ದುಬಾರಿ ಮೆಶ್ ಸೆಟ್‌ಗಳೂ ಅಷ್ಟೇ, ಗೋಡೆ ದಾಟುವ ಭಾಗವನ್ನು ಗಾಳಿಗೆ ಬಿಟ್ಟರೆ ಈ ಗೋಡೆಗಳ ಮುಂದೆ ಸೋಲುತ್ತವೆ. ಗೋಡೆ ದಾಟುವ ಕೆಲಸ ವೈರ್‌ಗೆ, ಕೋಣೆಯೊಳಗೆ ಹರಡುವ ಕೆಲಸ ವೈ-ಫೈಗೆ. ನಾನು ನಂಬಿದ್ದು ಇಷ್ಟೇ. ಹಾಗಾಗಿ ಪಡಸಾಲೆಯಿಂದ ಹಿತ್ತಲಿನ ಕೋಣೆಗೆ ಕೇಬಲ್ ಎಳೆದು ಅಲ್ಲಿ ಎರಡನೇ ರೌಟರ್ ಇಡಲು ತೀರ್ಮಾನಿಸಿದೆ.

ಕೇಬಲ್ ತರಲು ಹುಬ್ಬಳ್ಳಿಗೆ ಹೋದೆ. ನೆಟ್‌ವರ್ಕ್ ಕೇಬಲ್ ಮೇಲೆ ಕ್ಯಾಟ್-6 ಅಂತ ಬರೆದದ್ದೆಲ್ಲ ಒಂದೇ ಅಲ್ಲ. ಅಲ್ಯೂಮಿನಿಯಂ ತಂತಿಗೆ ತಾಮ್ರ ಲೇಪಿಸಿದ ಅಗ್ಗದ ಕೇಬಲ್ ಸಾಕಷ್ಟು ಸಿಗುತ್ತದೆ. ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬಿಳಿ ಕಂಡರೆ ಬೇಡ, ಕೆರೆದಷ್ಟೂ ಕೆಂಪು ಕಂಡರೆ ತಗೊಳ್ಳಿ. ತುದಿಯಿಂದ ತುದಿಗೆ 100 ಮೀಟರ್‌ವರೆಗೆ ಅವಕಾಶವಿದೆ. ಪಡಸಾಲೆಯಿಂದ ಹಿತ್ತಲಿಗೆ ಅದರ ಕಾಲು ಭಾಗವೂ ಬೇಕಾಗಲಿಲ್ಲ.

ಮಣ್ಣಿನ ಗೋಡೆಯಲ್ಲಿ ತೂತು ಕೊರೆಯಲು ನನಗೆ ಮನಸ್ಸಿರಲಿಲ್ಲ. ಒಮ್ಮೆ ಮಣ್ಣು ಉದುರಲು ಶುರುವಾದರೆ ನಿಲ್ಲಿಸುವುದು ಕಷ್ಟ. ಹಂಚಿನ ಕೆಳಗೆ, ಗೋಡೆ ಮತ್ತು ತೊಲೆಯ ನಡುವೆ ಇದ್ದ ಸಂದಿಯಲ್ಲೇ ಪಿವಿಸಿ ಪೈಪ್ ಹಾಯಿಸಿ ಕೇಬಲ್ ಎಳೆದೆ. ಕರೆಂಟಿನ ವೈರಿನಿಂದ ಒಂದಡಿ ದೂರ ಇಟ್ಟೆ, ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿದೆ. ಇಲಿ ಕಾಟ ಇರುವ ಮನೆಗಳಲ್ಲಿ ಪೈಪ್ ಇಲ್ಲದೆ ಕೇಬಲ್ ಎಳೆಯಲೇಬೇಡಿ. ತುದಿಗೆ ಕನೆಕ್ಟರ್ ಒತ್ತುವಾಗ ಎರಡೂ ಕಡೆ ಒಂದೇ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎಂಟರಲ್ಲಿ ಒಂದು ಎಳೆ ಸರಿಯಾಗಿ ಕೂರದಿದ್ದರೂ ಗಿಗಾಬಿಟ್ ಸಿಗದೆ ಲಿಂಕ್ 100 ಎಂಬಿಪಿಎಸ್‌ಗೆ ಇಳಿಯಬಹುದು. ನೆಟ್ ಬರುತ್ತಿರುವುದರಿಂದ ಇದು ಬೇಗ ಗೊತ್ತಾಗುವುದಿಲ್ಲ, ರೌಟರ್‌ನ ಪುಟದಲ್ಲಿ ಪೋರ್ಟಿನ ವೇಗ ನೋಡಬೇಕು.

ಎರಡನೇ ರೌಟರ್ ಹೊಸದಲ್ಲ, ಕಪಾಟಿನಲ್ಲಿದ್ದ ಹಳೆಯದು. ಅದನ್ನು ಆ್ಯಕ್ಸೆಸ್ ಪಾಯಿಂಟ್, ಅಂದರೆ ಕೇಬಲ್‌ನಲ್ಲಿ ಬಂದ ನೆಟ್ಟನ್ನು ವೈ-ಫೈ ಆಗಿ ಹರಡುವುದಷ್ಟೇ ಮಾಡುವ ಪೆಟ್ಟಿಗೆ ಮಾಡುವುದೇ ಈ ಕೆಲಸದ ಹೃದಯ. ಮನೆಯ ಜಾಲಕ್ಕೆ ಜೋಡಿಸುವ ಮೊದಲೇ ಲ್ಯಾಪ್‌ಟಾಪ್‌ಗೆ ನೇರ ಕೇಬಲ್ ಹಾಕಿ ಅದರ ಸೆಟ್ಟಿಂಗ್ಸ್ ತೆರೆದೆ. ಮುಖ್ಯ ರೌಟರ್‌ನ ವಿಳಾಸ 192.168.1.1. ಇದಕ್ಕೆ 192.168.1.2 ಕೊಟ್ಟೆ. ಮುಖ್ಯ ರೌಟರ್ ಫೋನು, ಲ್ಯಾಪ್‌ಟಾಪ್‌ಗಳಿಗೆ ಹಂಚುವ ವಿಳಾಸಗಳು 192.168.1.100ರಿಂದ ಶುರು, ಹಾಗಾಗಿ 2ಕ್ಕೆ ಡಿಕ್ಕಿ ಹೊಡೆಯುವವರಿಲ್ಲ. ಆಮೇಲೆ ಎರಡನೇ ರೌಟರ್‌ನಲ್ಲಿ ಡಿಎಚ್‌ಸಿಪಿ, ಅಂದರೆ ತಾನಾಗಿಯೇ ವಿಳಾಸ ಹಂಚುವ ಸೌಲಭ್ಯ, ಬಂದ್ ಮಾಡಿದೆ. ಹಾಗೆ ಬಂದ್ ಮಾಡದಿದ್ದರೆ ಒಂದೇ ಮನೆಯಲ್ಲಿ ಇಬ್ಬರು ವಿಳಾಸ ಹಂಚಲು ಶುರು ಮಾಡುತ್ತಾರೆ. ಕೆಲವು ಫೋನಿಗೆ ನೆಟ್ ಬರುತ್ತದೆ, ಕೆಲವಕ್ಕೆ ಬರುವುದಿಲ್ಲ, ಯಾಕೆ ಅಂತ ತಿಳಿಯದೆ ತಲೆ ಕೆಡುತ್ತದೆ.

ಕೇಬಲ್ ಹೋಗಬೇಕಾದದ್ದು ಮುಖ್ಯ ರೌಟರ್‌ನ ಲ್ಯಾನ್ ಪೋರ್ಟಿನಿಂದ ಎರಡನೆಯದರ ಲ್ಯಾನ್ ಪೋರ್ಟಿಗೆ. ಲ್ಯಾನ್ ಅಂದರೆ ಮನೆಯೊಳಗಿನ ಜಾಲದ ಪೋರ್ಟು, ವ್ಯಾನ್ ಅಂದರೆ ಹೊರಗಿನ ಲೈನ್ ಬರುವ ಪೋರ್ಟು. ವ್ಯಾನ್ ಪೋರ್ಟನ್ನು ಖಾಲಿ ಬಿಡಿ. ಅದಕ್ಕೆ ಚುಚ್ಚಿದರೆ ಹಿತ್ತಲಿನ ಕೋಣೆ ಬೇರೆಯೇ ಜಾಲವಾಗುತ್ತದೆ, ಪಡಸಾಲೆಯ ಪ್ರಿಂಟರ್ ಅಲ್ಲಿಂದ ಕಾಣುವುದಿಲ್ಲ. ಈಚಿನ ರೌಟರ್‌ಗಳಲ್ಲಿ ಆ್ಯಕ್ಸೆಸ್ ಪಾಯಿಂಟ್ ಮೋಡ್ ಅಂತಲೇ ಇರುತ್ತದೆ, ಅದನ್ನು ಆರಿಸಿದರೆ ಈ ಕೆಲಸವನ್ನೆಲ್ಲ ಅದೇ ಮಾಡಿಕೊಳ್ಳುತ್ತದೆ. ವೈರ್ ಇರುವಾಗ ಎರಡು ರೌಟರ್‌ಗಳನ್ನು ಗಾಳಿಯಲ್ಲೇ ಜೋಡಿಸುವ ವೈರ್‌ಲೆಸ್ ಬ್ರಿಜ್ ಅಥವಾ ಡಬ್ಲ್ಯುಡಿಎಸ್ ಅನ್ನೂ ಚಾಲೂ ಇಡಬೇಡಿ. ಎರಡು ದಾರಿ ಸೇರಿ ಸುತ್ತು ಬಿದ್ದರೆ ಇಡೀ ಮನೆಯ ಜಾಲ ನಿಂತುಹೋಗುತ್ತದೆ.

ವೈ-ಫೈ ಹೆಸರು, ಪಾಸ್‌ವರ್ಡ್, ಡಬ್ಲ್ಯುಪಿಎ2 ಭದ್ರತೆ ಎರಡರಲ್ಲೂ ಒಂದೇ. ಚಾನೆಲ್ ಮಾತ್ರ ಬೇರೆ ಬೇರೆ. 2.4ರಲ್ಲಿ 1, 6, 11 ಒಂದರ ಮೇಲೊಂದು ಬೀಳುವುದಿಲ್ಲ. ಮುಂದೆ 1, ಹಿಂದೆ 11 ಇಟ್ಟೆ, ಅಗಲ 20 ಮೆಗಾಹರ್ಟ್ಸ್. 5ರಲ್ಲಿ ಮುಂದೆ 36, ಹಿಂದೆ 149.

ನಡುಮನೆಯಲ್ಲಿ ನಡೆದಾಡುವಾಗ ಯಾವ ರೌಟರ್ ಹಿಡಿಯಬೇಕು ಅಂತ ತೀರ್ಮಾನಿಸುವುದು ಫೋನು, ರೌಟರ್ ಅಲ್ಲ. ಕೆಲವು ಫೋನು ದೂರದ್ದನ್ನೇ ಕೊನೆತನಕ ಹಿಡಿದುಕೊಂಡಿರುತ್ತವೆ. ಮುಖ್ಯ ರೌಟರ್‌ನ ಶಕ್ತಿಯನ್ನು ಪೂರ್ತಿಯಿಂದ ಮಧ್ಯಮಕ್ಕೆ ಇಳಿಸಿದೆ. ಸಿಗ್ನಲ್ ಕಡಿಮೆ ಮಾಡಿದರೆ ಜಾಲ ಸುಧಾರಿಸುತ್ತದೆ ಅಂದರೆ ಮನೆಯವರು ನಂಬಲಿಲ್ಲ, ಆದರೆ ಈಗ ಅಡುಗೆಮನೆ ದಾಟುವಾಗ ಫೋನು ಬೇಗ ಹಿಂದಿನದಕ್ಕೆ ಬದಲಾಗುತ್ತದೆ. ಎರಡನೇ ರೌಟರ್ ಅನ್ನು ಬಾಗಿಲುಗಳ ಸಾಲಿಗೆ ಎದುರಾಗಿ ಎತ್ತರದಲ್ಲಿ ಇಟ್ಟಿದ್ದೂ ಸಹಾಯಕ್ಕೆ ಬಂತು. ನಮ್ಮ ಕಡೆಯ ಹಳೇ ಮನೆಗಳಲ್ಲಿ ತಲೆಬಾಗಿಲಿನಿಂದ ಹಿತ್ತಲ ಬಾಗಿಲವರೆಗೆ ನೇರ ಕಾಣುತ್ತದೆ ಅಲ್ವಾ, ಆ ಸಾಲು ಸಿಗ್ನಲ್‌ಗೂ ದಾರಿ.

ಈಗ ಹಿತ್ತಲಿನ ಕೋಣೆಯಲ್ಲಿ -45. ನೆಟ್ ನಿಧಾನ ಅನಿಸಿದರೆ ಮಗಳು ಮೊದಲು 192.168.1.1ಕ್ಕೆ ಪಿಂಗ್ ಮಾಡುತ್ತಾಳೆ, ಅಂದರೆ ಮುಖ್ಯ ರೌಟರ್‌ಗೆ ಸಣ್ಣ ಸಂದೇಶ ಕಳಿಸಿ ಉತ್ತರ ಬರುತ್ತದೆಯೇ ನೋಡುತ್ತಾಳೆ. ಉತ್ತರ ಕೆಲವೇ ಮಿಲಿಸೆಕೆಂಡಿನಲ್ಲಿ ತಪ್ಪದೆ ಬಂದರೆ ಮನೆಯ ಜಾಲ ಸರಿ ಇದೆ, ತೊಂದರೆ ಹೊರಗಿನ ಲೈನಿನದು.

ಕರೆಂಟ್ ಹೋದಾಗ ಎರಡೂ ರೌಟರ್ ಉಳಿಯಬೇಕು, ಒಂದಕ್ಕೇ ಬ್ಯಾಕಪ್ ಕೊಟ್ಟರೆ ಉಪಯೋಗವಿಲ್ಲ. ಎರಡಕ್ಕೂ ಸಣ್ಣ ಡಿಸಿ ಯುಪಿಎಸ್ ಹಾಕಿದ್ದೇನೆ. ಅಡಾಪ್ಟರ್ ಮೇಲೆ 12 ವೋಲ್ಟ್ ಇದೆಯೋ 9 ಇದೆಯೋ ನೋಡಿಯೇ ಜೋಡಿಸಿ. ಏಪ್ರಿಲ್-ಮೇ ಗುಡುಗು ಮಳೆಗೆ ಮಾತ್ರ ಯುಪಿಎಸ್ ಸಾಲದು, ಪ್ಲಗ್ ಜೊತೆ ಕೇಬಲ್ಲನ್ನೂ ಕಿತ್ತಿಡುತ್ತೇವೆ. ಪಕ್ಕದ ಬೇರೆ ಮನೆಗೆ, ಬೇರೆ ಮೀಟರ್ ಇರುವ ಕಟ್ಟಡಕ್ಕೆ ಎಳೆಯುವುದಾದರೆ ತಾಮ್ರ ಬೇಡ. ಎರಡು ತುದಿಗೆ ಮೀಡಿಯಾ ಕನ್ವರ್ಟರ್ (ತಾಮ್ರದ ಸಿಗ್ನಲ್ಲನ್ನು ಬೆಳಕಿಗೆ, ಬೆಳಕನ್ನು ತಾಮ್ರಕ್ಕೆ ಬದಲಿಸುವ ಪೆಟ್ಟಿಗೆ) ಹಾಕಿ ಫೈಬರ್ ಎಳೆಯಿರಿ, ಅದರ ಗಾಜಿನ ಎಳೆಯಲ್ಲಿ ಸಿಡಿಲಿನ ಕರೆಂಟ್ ಹರಿಯುವುದಿಲ್ಲ. ಉಕ್ಕಿನ ತಂತಿ ಜೊತೆಗಿರುವ ಕೇಬಲ್ ಆದರೆ ಆ ತಂತಿಯನ್ನು ಹೊರಗೇ ಕತ್ತರಿಸಿ ನಿಲ್ಲಿಸಿ.

ಹಳೇ ರೌಟರ್ ಯಾವತ್ತಾದರೂ ರೀಸೆಟ್ ಆದರೆ ಡಿಎಚ್‌ಸಿಪಿ ಮತ್ತೆ ಚಾಲೂ ಆಗಿ ಕೂರುತ್ತದೆ. ಅದಕ್ಕೇ ಸೆಟ್ಟಿಂಗ್ಸ್‌ನ ಬ್ಯಾಕಪ್ ಫೈಲ್ ಲ್ಯಾಪ್‌ಟಾಪ್‌ನಲ್ಲಿ ಇಟ್ಟಿದ್ದೇನೆ. ರೌಟರ್‌ನ ಬೆನ್ನಿಗೆ ಚೀಟಿ ಅಂಟಿಸಿ ಅದರ ವಿಳಾಸ, ಚಾನೆಲ್, ಯಾವ ಪೋರ್ಟಿಗೆ ಕೇಬಲ್ ಅಂತ ಬರೆದಿದ್ದೇನೆ. ನಾನು ಊರಲ್ಲಿ ಇಲ್ಲದಾಗಲೂ ಮನೆಯವರು ಅದನ್ನು ನೋಡಿ ಸರಿಮಾಡಿಕೊಳ್ಳಬಹುದು.