ಒಂಬತ್ತನೇ ತಿಂಗಳ ಸ್ಕ್ಯಾನಿಂಗ್‌ನ್ಯಾಗ ಕೂಸಿನ ಲಂಗ್ಸ್ ಬಗ್ಗೆ ನಾನು ನೋಡೋದು

ಸಿಂಧನೂರಾಗ ಸ್ಕ್ಯಾನಿಂಗ್ ಮಾಡೋ ಡಾಕ್ಟರ್ ನಾನು. ಎಂಟು ತಿಂಗಳು ದಾಟಿದ ಹೆಣ್ಮಕ್ಕಳು ಬಂದ್ರ ಜೊತಿಗೆ ಬಂದ ಅತ್ತಿನೋ ತಾಯಿನೋ ಕೇಳೋದು ಹೆಚ್ಚುಕಮ್ಮಿ ಒಂದೇ, "ಮೇಡಮ್ರಿ, ಕೂಸಿನ ಲಂಗ್ಸ್ ಬೆಳದಾವೇನ್ರಿ? ಬರೋ ಸೋಮವಾರ ಚಲೋ ದಿನ ಐತಂತ, ಆಪರೇಷನ್ ಮಾಡಿಸಬೇಕಂತ ಮಾಡೀವಿ."

ಲಂಗ್ಸ್ ಕಾಣ್ತಾವ, ಅವು ಎಷ್ಟು ದೊಡ್ಡವು ಅಂತನೂ ಕಾಣ್ತೈತಿ. ಆದ್ರ ಹುಟ್ಟಿದ ಮ್ಯಾಲೆ ಉಸಿರಾಡಾಕ ಬೇಕಾಗೋದು ಸರ್ಫ್ಯಾಕ್ಟೆಂಟ್ ಅನ್ನೋ ವಸ್ತು, ಅದು ಸಾಲದಿದ್ರ ಉಸಿರು ಬಿಟ್ಟಕೂಡ್ಲೇ ಒಳಗಿನ ಗಾಳಿಚೀಲಗಳು ತೊಯ್ದ ಪ್ಲಾಸ್ಟಿಕ್ ಕವರಿನಂಗ ಅಂಟ್ಕೊಂಡುಬಿಡ್ತಾವ. ಸುಮಾರು 24 ವಾರಕ್ಕ ತಯಾರಾಗಾಕ ಶುರುವಾಗಿ, ಸಾಕಷ್ಟು ಆಗೋದು 34-35 ವಾರದ ಹೊತ್ತಿಗೆ. ಅದು ಸ್ಕ್ಯಾನಿಂಗ್‌ನ್ಯಾಗ ಕಾಣೋದಿಲ್ಲ.

ಹಂಗಾಗಿ ಜೆಲ್ ಹಚ್ಚೋಕಿಂತ ಮೊದ್ಲು, ವಾರ ಎಷ್ಟಂತ ಗೊತ್ತು ಮಾಡ್ಕೊಳ್ಳಾಕ ನಾನು ಕೇಳೋದು ತಾಯಿ ಕಾರ್ಡ್ ಮತ್ತ ಮೊದಲ ಸ್ಕ್ಯಾನಿಂಗ್ ರಿಪೋರ್ಟ್. ಮೊದಲ ಮೂರು ತಿಂಗಳಾಗ ಕೂಸಿನ ತಲಿಯಿಂದ ಕುಂಡಿ ತನಕ ಅಳದದ್ದಿದ್ರ ತಾರೀಖು ಐದಾರು ದಿನ ಆಕಡೆ ಈಕಡೆ ಆಗಬೋದು ಅಷ್ಟ, ಒಂಬತ್ತನೇ ತಿಂಗಳಾಗ ತಲಿ, ತೊಡಿ ಎಲುಬು ಅಳದು ಹೇಳಿದ್ರ ಮೂರು ವಾರದ ತನಕ ತಪ್ಪಬೋದು. ಲಂಗ್ಸ್ ಇನ್ನೂ ತಯಾರಾಗ್ತಿರೋ 34 ಮತ್ತ ದಿನ ತುಂಬಿತು ಅನ್ನೋ 37 ವಾರದ ನಡುವ ಇರೋದೂ ಅದೇ ಮೂರು ವಾರನ! ನಮ್ಮ ಕಡೆ ಎಷ್ಟೋ ಮಂದಿ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕ ದುಡಿಯಾಕ ಹೋಗಿ ಏಳೆಂಟು ತಿಂಗಳಾದ ಮ್ಯಾಲೆ ಊರಿಗೆ ಬರ್ತಾರ, ಮೊದಲ ಸ್ಕ್ಯಾನಿಂಗ್ ಆಗಿರೋದೇ ಇಲ್ಲ, ಕಡೀ ಮುಟ್ಟು ಯಾವಾಗ ತಂಗಿ ಅಂದ್ರ ಅಲಾಯಿ ಹಬ್ಬದಾಗ (ಮೊಹರಂ) ಅಂತಲೋ ಜೋಳದ ರಾಶಿ ಆದ ಮ್ಯಾಲೆ ಅಂತಲೋ ಹೇಳ್ತಾರ, ನಾನು ಅದನ್ನೂ ಬರ್ಕೊಂತೀನಿ, ಕ್ಯಾಲೆಂಡರ್ ತಗದು ಕುಂತ್ರ ಒಂದೊಂದ್ಸಲ ಅದ್ರಿಂದನೇ ದಾರಿ ಸಿಗ್ತೈತಿ.

ಅಂಥವರಿಗೆ ಎಲುಬಿನ ತುದಿ ನೋಡ್ತೀನಿ. ತೊಡಿ ಎಲುಬಿನ ಮೊಣಕಾಲ ಕಡೆ ತುದಿಗೆ ಒಂದು ಬಿಳಿ ಚುಕ್ಕಿ ಸುಮಾರು 32-33 ವಾರಕ್ಕ ಕಾಣ್ತೈತಿ, ಮೊಣಕಾಲ ಕೆಳಗಿನ ಎಲುಬಿನ ಮ್ಯಾಲ್ತುದಿದು 35ರ ಹೊತ್ತಿಗೆ, ಭುಜದ್ದು 38ರ ಹೊತ್ತಿಗೆ. ಭುಜದ ಚುಕ್ಕಿ ಕಂಡ್ರ ನನಗ ಧೈರ್ಯ ಬರ್ತೈತಿ. ಬೆಳವಣಿಗಿ ಕುಂಟಿದ ಕೂಸಿಗೆ ಇವು ತಡವಾಗಿ ಬರ್ತಾವ, ಅದನ್ನೂ ನೆನಪಿಟ್ಕೊಂಡೇ ನೋಡಬೇಕು.

ಲಿವರ್‌ಗಿಂತ ಲಂಗ್ಸ್ ಬೆಳ್ಳಗ ಕಂಡ್ರ ಬೆಳದಾವ ಅಂತ ಕೆಲವರು ಬರೀತಾರ. ಮಷೀನಿನ ಗೇನ್, ಅಂದ್ರ ಚಿತ್ರದ ಬೆಳಕು ಹೆಚ್ಚುಕಮ್ಮಿ ಮಾಡೋ ಗುಂಡಿ, ತಿರುವಿದ್ರ ಬಣ್ಣನೇ ಬದಲಾಗ್ತೈತಿ, ನಾನು ಅದನ್ನ ನಂಬಾಂಗಿಲ್ಲ. 1979ರಾಗ ಗ್ರಾನಮ್ ಅನ್ನೋ ಡಾಕ್ಟರ್ ಮತ್ತ ಜೊತೆಯವರು ಮಾಸಿಗೆ (ಪ್ಲಾಸೆಂಟಾಕ್ಕ) ಗ್ರೇಡ್ ಕೊಟ್ಟು, ಮೂರನೇ ಗ್ರೇಡ್ ಅಂದ್ರ ಲಂಗ್ಸ್ ಪಕ್ವ ಅಂದಿದ್ರು, ಆದ್ರ ತಾಯಿಗೆ ಬಿಪಿ ಇದ್ರ ಆ ಗ್ರೇಡ್ ಬೇಗನೇ ಬಂದುಬಿಡ್ತೈತಿ. ಲಂಗ್ಸಿಗೆ ಹೋಗೋ ರಕ್ತನಾಳದ ಡಾಪ್ಲರ್‌ನೂ (ರಕ್ತ ಹರಿಯೋದನ್ನ ಅಲೆಯಾಗಿ ತೋರಿಸೋ ಪರೀಕ್ಷೆ) ಮಾಡಿ ನೋಡ್ತೀನಿ, ಕೂಸು ಅಲ್ಲಾಡಿದ್ರ ಅಲೆ ಕೆಡ್ತೈತಿ, ಅದೊಂದರ ಮ್ಯಾಲೆ ಹೆರಿಗಿ ತಾರೀಖು ಹೇಳಾಂಗಿಲ್ಲ. ಹೊಟ್ಟ್ಯಾಗ ಕೂಸು ಉಸಿರಾಡಿದಂಗ ಎದಿ ಏರಿಳಿಸೋದು ಕೂಸು ಆರಾಮ ಐತಿ ಅನ್ನೋ ಗುರುತು, ಲಂಗ್ಸ್ ಪಕ್ವ ಆಗ್ಯಾವ ಅನ್ನೋ ಗುರುತಲ್ಲ.

ಶುಗರ್ ಇದ್ದವರ ಬಗ್ಗೆ ನನಗ ಭಾಳ ಕಾಳಜಿ. 36 ವಾರಕ್ಕ ಮೂರೂವರೆ ಕೆಜಿ ಅಂತ ರಿಪೋರ್ಟ್ ಬಂದ್ರ ಮನಿಯವರು "ದಿನ ತುಂಬ್ಯಾವ, ಕೂಸು ದೊಡ್ಡದೈತಿ, ತಗಸಿಬಿಡೋಣ" ಅಂತಾರ, ಆದ್ರ ಶುಗರ್ ಹಿಡಿತದಾಗ ಇಲ್ಲದಿದ್ರ ಕೂಸಿನ ಮೈಯಾಗ ಇನ್ಸುಲಿನ್ ಜಾಸ್ತಿಯಾಗಿ ಸರ್ಫ್ಯಾಕ್ಟೆಂಟ್ ತಯಾರಾಗೋದನ್ನ ತಡೀತೈತಿ, ತೂಕ ಇದ್ರೂ ಉಸಿರಿಗೆ ತ್ರಾಸಾಗ್ತೈತಿ. ಹಂಗಾಗಿ ಮುಹೂರ್ತ ಕೇಳಿದವರಿಗೆ, ಬ್ಯಾರೆ ತೊಂದ್ರಿ ಇಲ್ಲಂದ್ರ 39 ವಾರ ತುಂಬಿದ ಮ್ಯಾಲಿನ ದಿನಾನೇ ನೋಡ್ರಿ ಅಂತ ಹೇಳ್ತೀನಿ. ರಿಪೋರ್ಟ್‌ನ್ಯಾಗ "ಲಂಗ್ಸ್ ಪಕ್ವ" ಅಂತ ಬರಿಯಾಂಗಿಲ್ಲ, ವಾರ ಯಾವ ಆಧಾರದ ಮ್ಯಾಲೆ ಹೇಳೀನಿ, ಎಷ್ಟು ಹೆಚ್ಚುಕಮ್ಮಿ ಆಗಬೋದು ಅಂತ ಬರೀತೀನಿ.

34 ವಾರಕ್ಕಿಂತ ಮುಂಚೆ ಬ್ಯಾನಿ ಶುರುವಾದ್ರ ಸ್ಕ್ಯಾನಿಂಗಿಗೆ ಅಂತ ಕಾಯಬ್ಯಾಡ್ರಿ. ಡೆಕ್ಸಾಮೆಥಾಸೋನ್ 6 ಮಿಲಿಗ್ರಾಂ, 12 ತಾಸಿಗೊಮ್ಮೆ ನಾಕು ಸಲ, ಅಗ್ಗದ ಇಂಜೆಕ್ಷನ್, ಕೂಸಿನ ಲಂಗ್ಸ್ ಬೇಗ ತಯಾರಾಗ್ತಾವ. 2014ರಿಂದ ನರ್ಸಮ್ಮನೂ ಮೊದಲ ಡೋಸ್ ಕೊಟ್ಟು ಕಳಸಬೋದು. ಅದನ್ನ ಹಾಕಿಸ್ಕೊಂಡು ರಾಯಚೂರು ರಿಮ್ಸ್ ದವಾಖಾನಿಗೋ ಬಳ್ಳಾರಿ ಸರ್ಕಾರಿ ಮೆಡಿಕಲ್ ಕಾಲೇಜ್ ದವಾಖಾನಿಗೋ (ಮೊದಲಿನ ವಿಮ್ಸ್) ಹೊರಡ್ರಿ, ಎಷ್ಟೊತ್ತಿಗೆ ಹಾಕ್ಯಾರ ಅಂತ ತಾಯಿ ಕಾರ್ಡಿನ ಮ್ಯಾಲೆ ಬರಿಸ್ಕೊರ್ರಿ, ಅಲ್ಲಿ ಉಳಿದ ಡೋಸ್ ಅದನ್ನ ನೋಡೇ ಕೊಡ್ತಾರ.