ಖಿನ್ನತೆಯ ಜೀನ್ ಕುರಿತ ಸುದ್ದಿಯನ್ನು ಓದುವುದು ಹೇಗೆ?

‘ಖಿನ್ನತೆಯ ಜೀನ್ ಪತ್ತೆ’ ಎಂಬ ಸುದ್ದಿ ಕಣ್ಣಿಗೆ ಬಿದ್ದಾಗ, ಅಧ್ಯಯನವು ಜೀನನ್ನು ಮಾತ್ರ ಪರಿಶೀಲಿಸಿದೆಯೋ ಅಥವಾ ಬಾಲ್ಯದ ಸಂಕಷ್ಟವನ್ನೂ ಜೊತೆಗಿಟ್ಟು ನೋಡಿದೆಯೋ ಎಂಬುದನ್ನು ಮೊದಲು ಗಮನಿಸಿ.

ಆ ಸಂಕಷ್ಟವನ್ನು ಅಳೆದದ್ದು ಹೇಗೆಂದು ಅನಂತರ ಹುಡುಕಿ. ನನ್ನ ದೃಷ್ಟಿಯಲ್ಲಿ ಇದೇ ಮುಖ್ಯ ಪ್ರಶ್ನೆ, ಏಕೆಂದರೆ ಖಿನ್ನತೆಯಲ್ಲಿರುವವರ ನೆನಪಿಗೆ ಆ ಹೊತ್ತಿನ ನೋವಿನ ಬಣ್ಣವೂ ತಗುಲಿರಬಹುದು. ನ್ಯೂಜಿಲೆಂಡಿನ ಡುನೆಡಿನ್ ನಗರದಲ್ಲಿ 1972–73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಮೂರನೆಯ ವಯಸ್ಸಿನಿಂದ ಗಮನಿಸುತ್ತ ಬಂದ ಸಂಶೋಧಕರು, ತಾಯಿ ಮಗುವಿನೊಡನೆ ನಡೆದುಕೊಳ್ಳುವ ರೀತಿಯನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದರು. ಏಳು ಮತ್ತು ಒಂಬತ್ತನೆಯ ವಯಸ್ಸಿನಲ್ಲಿ ಮನೆಯ ಶಿಕ್ಷೆ ಎಷ್ಟು ಕಠಿಣವೆಂದು ಪೋಷಕರನ್ನೇ ಕೇಳಿದ್ದರು. ಮಿದುಳಿನಲ್ಲಿ ಸಂದೇಶ ಒಯ್ಯುವ ಸೆರೊಟೋನಿನ್ ಎಂಬ ರಾಸಾಯನಿಕದ ಸಾಗಣೆಯ ಜೀನಿನ ಗಿಡ್ಡ ರೂಪವನ್ನು ಹೊತ್ತವರು ಬಾಲ್ಯದಲ್ಲಿ ದೌರ್ಜನ್ಯಕ್ಕೂ ಒಳಗಾಗಿದ್ದರೆ, ಯೌವನದಲ್ಲಿ ಅವರನ್ನು ಖಿನ್ನತೆ ಹೆಚ್ಚಾಗಿ ಕಾಡುತ್ತದೆ ಎಂದು ಅವರು 2003ರಲ್ಲಿ ಪ್ರಕಟಿಸಿದರು.

ಅಷ್ಟಕ್ಕೇ ನಿಲ್ಲದೆ, ಬೇರೆ ತಂಡಗಳಿಗೂ ಅದೇ ಫಲ ದೊರೆಯಿತೇ ಎಂದು ನೋಡಿ. ಒತ್ತಡದ ಘಟನೆಗಳು ಮತ್ತು ಇದೇ ಜೀನಿನ ನಂಟನ್ನು ಕುರಿತ 14 ಅಧ್ಯಯನಗಳನ್ನು 2009ರಲ್ಲಿ ಒಟ್ಟುಗೂಡಿಸಿದಾಗ ಆ ನಂಟು ಕಾಣಿಸಲಿಲ್ಲ. 2019ರ ಬೃಹತ್ ಅಧ್ಯಯನವು ಖಿನ್ನತೆಗೆ ಸಂಬಂಧಿಸಿದ 102 ಜೀನ್ ಭೇದಗಳನ್ನು ಗುರುತಿಸಿತು. ಒಂದೊಂದರ ಪಾಲೂ ತೀರ ಚಿಕ್ಕದು.

ಆದ್ದರಿಂದ ಒಂದು ಜೀನಿನ ಪರೀಕ್ಷೆಗೆ ಹಣ ಸುರಿಯಬೇಡಿ. ಮನೆಯಲ್ಲಿ ಯಾರಿಗೆ ಖಿನ್ನತೆಯಿತ್ತು, ಬಾಲ್ಯದಲ್ಲಿ ಏನು ನಡೆಯಿತು ಎಂಬ ಎರಡನ್ನೂ ವೈದ್ಯರಿಗೆ ಹೇಳಿ. ಹೇಳಲು ಗಂಟಲು ಕಟ್ಟಿದರೆ ಚೀಟಿಯಲ್ಲಿ ಬರೆದುಕೊಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ಗೆ 14416ರಲ್ಲಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.