ಹಳೇ ರೀಲೋಡಿಂಗ್ ಪ್ರೆಸ್ ಸಂಗ್ರಹಿಸುವವರು ಏನು ನೋಡಬೇಕು, ಏನು ಮುಟ್ಟಬಾರದು

ಅಮೆರಿಕದಲ್ಲಿ ಗುರಿ ಹೊಡೆಯುವ ಹವ್ಯಾಸ ಇರುವ ಎಷ್ಟೋ ಜನ ಹಾರಿಸಿದ ತೋಟಾದ ಹಿತ್ತಾಳೆ ಕೇಸನ್ನು ಬಿಸಾಡುವುದಿಲ್ಲ. ಮನೆಯಲ್ಲೇ ಮತ್ತೆ ತುಂಬಿಕೊಳ್ಳುತ್ತಾರೆ. ಅದಕ್ಕೆ ಬೇಕಾದ ಕೈಪ್ರೆಸ್ಸೇ ರೀಲೋಡಿಂಗ್ ಪ್ರೆಸ್. ಈ ಅಭ್ಯಾಸ ನೂರು ವರ್ಷಕ್ಕಿಂತ ಹಳೆಯದು, ಹಾಗಾಗಿ ಅಲ್ಲಿನ ಗ್ಯಾರೇಜುಗಳಲ್ಲಿ ಅಜ್ಜನ ಕಾಲದ ಪ್ರೆಸ್‌ಗಳು ಬೇಕಾದಷ್ಟು ಬಿದ್ದಿವೆ. ನನಗೆ ತೋಟಾಕ್ಕಿಂತ ಆ ಯಂತ್ರಗಳ ಮೇಲೇ ಪ್ರೀತಿ ಜಾಸ್ತಿ. ಅಲ್ಲಿರುವ ನಮ್ಮವರಲ್ಲಿ ಯಾರಾದರೂ ಇವನ್ನು ಸಂಗ್ರಹಿಸುವುದಕ್ಕೆ ಶುರು ಮಾಡುವುದಾದರೆ ಮೊದಲು ಒಂದು ಮಾತು ನೆನಪಿಡಿ: ದೊಡ್ಡ ಕಬ್ಬಿಣ ಎಲ್ಲಾ ಕಡೆ ಸಿಗುತ್ತದೆ, ಅದರ ಸಣ್ಣ ಬಿಡಿಭಾಗ ಸಿಗುವುದಿಲ್ಲ.

ಕಂಡದ್ದನ್ನೆಲ್ಲ ಕೊಳ್ಳಬೇಡಿ, ಮೇಜು ತುಂಬುತ್ತದೆ ಅಷ್ಟೇ. ಒಂದು ಕಂಪನಿ ಅಥವಾ ಒಂದು ಕಾಲ ಹಿಡಿದುಕೊಳ್ಳಿ. ಜಾಗ ಕಮ್ಮಿ ಇದ್ದರೆ ಐಡಿಯಲ್ ಕಂಪನಿಯ ಇಕ್ಕಳದಂಥ ಕೈ ಉಪಕರಣಗಳೇ ಸರಿ. ಜಾನ್ ಬಾರ್ಲೋ 1884ರಲ್ಲಿ ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ ಶುರು ಮಾಡಿದ ಕಂಪನಿ ಅದು. 1910ರಲ್ಲಿ ಮಾರ್ಲಿನ್ ಅನ್ನುವ ಬಂದೂಕು ಕಂಪನಿಯ ಕೈಗೆ ಹೋಯಿತು, 1925ರಲ್ಲಿ ಲೈಮನ್ ಕಂಪನಿ ಕೊಂಡುಕೊಂಡಿತು. ಅವರ ನಂಬರ್ 4 ಉಪಕರಣದ ತುದಿಯಲ್ಲೇ ಸೀಸದ ಗುಂಡು ಎರಕ ಹೊಯ್ಯುವ ಅಚ್ಚು ಇರುತ್ತದೆ. ಕೈಗೆ ಸಿಕ್ಕಿದರೆ ಆ ಅಚ್ಚಿನ ಎರಡು ಹೋಳು ಮುಚ್ಚಿ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ಇಣುಕಿದರೆ ಯಾರೋ ಬಿಸಿ ಇದ್ದಾಗ ಬಡಿದು ಸೊಟ್ಟ ಮಾಡಿದ್ದಾರೆ ಅಂತಲೇ ಲೆಕ್ಕ.

ವಯಸ್ಸು ಗೊತ್ತಾಗಬೇಕು ಅಂದರೆ ಲೋಹದ ಮೇಲಿನ ಊರಿನ ಹೆಸರು ಓದಿ. ನ್ಯೂ ಹೇವನ್ ಅಂತಿದ್ದರೆ ಹಳೇ ಐಡಿಯಲ್, ಮಿಡಲ್‌ಫೀಲ್ಡ್ ಅಂತಿದ್ದರೆ ಲೈಮನ್ ಕಾಲದ್ದು. ಪೆಸಿಫಿಕ್ ಕಂಪನಿಯ ಪ್ರೆಸ್ ಮೇಲೆ ಸ್ಯಾನ್ ಫ್ರಾನ್ಸಿಸ್ಕೋ ಇದ್ದರೆ ಅದು ಆ ಕಂಪನಿ ನೆಬ್ರಾಸ್ಕಾದ ಲಿಂಕನ್‌ಗೆ ಹೋಗುವ ಮುಂಚಿನದು. ಮುಂದೆ 1971ರಲ್ಲಿ ಹಾರ್ನಡಿ ಆ ಕಂಪನಿಯನ್ನೇ ಕೊಂಡಿತು. ಕ್ಯಾಲಿಫೋರ್ನಿಯಾದ ಓರೊವಿಲ್‌ನಲ್ಲಿ ಫ್ರೆಡ್ ಹಂಟಿಂಗ್‌ಟನ್ 1943ರಲ್ಲಿ ಹುಟ್ಟುಹಾಕಿದ ಆರ್‌ಸಿಬಿಎಸ್‌ನ ಹಸಿರು ಪ್ರೆಸ್‌ಗಳು ಹೊಸಬರಿಗೆ ಒಳ್ಳೇ ಶುರುವಾತು. ಸುಲಭಕ್ಕೆ ಸಿಗುತ್ತವೆ, ಗಟ್ಟಿಮುಟ್ಟು. ಮಿನೆಸೋಟದ ವಸೀಕಾ ಊರಿನ ಹರ್ಟರ್ಸ್ ಅಂಚೆಯಲ್ಲಿ ಮಾಲು ಮಾರುತ್ತಿದ್ದ ಕಂಪನಿ. ಅವರ ಪ್ರೆಸ್ ಅಗ್ಗಕ್ಕೆ ಸಿಕ್ಕೀತು, ಆದರೆ ಅದಕ್ಕೆ ಅವರದ್ದೇ ಅಳತೆಯ ಶೆಲ್ ಹೋಲ್ಡರ್ (ಕೇಸಿನ ಬುಡ ಹಿಡಿದಿಡುವ ಸಣ್ಣ ತುಂಡು) ಬೇಕು. ಅದಿಲ್ಲದೆ ಕೊಂಡರೆ ವರ್ಷಗಟ್ಟಲೆ ಹುಡುಕಬೇಕಾಗುತ್ತದೆ.

ಇಲ್ಲೇ ಹೊಸಬರು ಸೋಲುವುದು. ಪ್ರೆಸ್ ನೋಡಿದ ತಕ್ಷಣ ಕಣ್ಣು ದೊಡ್ಡ ಎರಕದ ಮೇಲೆ ಹೋಗುತ್ತದೆ, ಅಲ್ವಾ? ನೀವು ನೋಡಬೇಕಾದ್ದು ಹ್ಯಾಂಡಲ್ ಎಳೆದರೆ ಮೇಲೆ ಕೆಳಗೆ ಹೋಗುವ ಕಂಬ, ಅಂದರೆ ರ‍್ಯಾಮ್ ಪಕ್ಕದಲ್ಲಿ ತೂಗುವ ಪ್ರೈಮರ್ ಆರ್ಮ್ (ಪ್ರೈಮರ್ ಅಂದರೆ ಪೆಟ್ಟು ಬಿದ್ದಾಗ ಸಿಡಿದು ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಕ್ಯಾಪು) ಇದೆಯಾ, ಅದರ ತುದಿಯ ಬಟ್ಟಲು ಇದೆಯಾ, ಒಳಗಿನ ಸ್ಪ್ರಿಂಗ್ ಇದೆಯಾ ಅಂತ. ಆಮೇಲೆ ಹ್ಯಾಂಡಲ್ ಇಳಿಸಿ ರ‍್ಯಾಮನ್ನು ಪೂರ್ತಿ ಮೇಲೆ ತಂದು, ಅದರ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಸ್ವಲ್ಪ ಆಡುವುದು ಸಹಜ, ಲಟಲಟ ಅಂದರೆ ಸವೆದಿದೆ. ಕೇಸಿಗೆ ಆಕಾರ ಕೊಡುವ ಅಚ್ಚು, ಅಂದರೆ ಡೈ, ಕೂರುವ ತೂತಿನ ಥ್ರೆಡ್ ಕಾಲಕ್ರಮೇಣ ಎಂಟರಲ್ಲಿ ಏಳು ಭಾಗ (7/8) ಇಂಚು, ಇಂಚಿಗೆ 14 ಸುತ್ತು ಅಂತ ಗಟ್ಟಿಯಾಯಿತು. ಹಳೇ ಡೈ ಒಂದನ್ನು ಜೇಬಲ್ಲಿಟ್ಟುಕೊಂಡು ಹೋದರೆ ಅಲ್ಲೇ ತಿರುಗಿಸಿ ನೋಡಬಹುದು.

ಬಿರುಕು ನೋಡುವುದಕ್ಕೆ ಹಳೇ ವರ್ಕ್‌ಶಾಪ್ ಉಪಾಯ ಒಂದಿದೆ. ಬೀಡು ಕಬ್ಬಿಣದ ಮೇಲೆ ಅನುಮಾನ ಬಂದ ಜಾಗಕ್ಕೆ ಸೀಮೆಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಡಿ, ಬಟ್ಟೆಯಲ್ಲಿ ಒಣಗುವ ಹಾಗೆ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉಜ್ಜಿ. ಬಿರುಕು ಇದ್ದರೆ ಒಳಗೆ ಕುಡಿದ ಎಣ್ಣೆ ಮೆಲ್ಲಗೆ ಹೊರಬಂದು ಬಿಳಿ ಪುಡಿಯಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಎಳೆಯುತ್ತದೆ. ಇಂಗ್ಲಿಷಿನ ಸಿ ಆಕಾರದ ಪ್ರೆಸ್ ಆದರೆ ಹಿಂಬದಿಯ ಬಾಗು, ಬೋಲ್ಟ್ ಕೂರುವ ಪಾದ, ಇವೆರಡು ಜಾಗ ತಪ್ಪದೆ ನೋಡಿ. ವೆಲ್ಡ್ ಮಾಡಿ ಮೇಲೆ ಬಣ್ಣ ಬಳಿದದ್ದೂ ಇಲ್ಲೇ ಸಿಕ್ಕಿಬೀಳುತ್ತದೆ.

ಮನೆಗೆ ತಂದ ಮೇಲೆ ತುಕ್ಕು ತಿಕ್ಕುವುದಕ್ಕೆ ಓಡಬೇಡಿ. ಮೊದಲು ಪ್ರೈಮರ್ ಬಟ್ಟಲು, ಪ್ರೈಮರ್ ಕೊಳವೆ, ರ‍್ಯಾಮ್ ಒಳಗೆಲ್ಲ ಟಾರ್ಚ್ ಹಾಕಿ ನೋಡಿ. ಹಳೇ ಪ್ರೈಮರ್ ಒಂದು ಅಲ್ಲಿ ಸಿಕ್ಕಿಕೊಂಡಿದ್ದರೆ ಅದು ಇನ್ನೂ ಸಿಡಿಯಬಹುದು, ಎಣ್ಣೆಯಲ್ಲಿ ನೆನೆಸಿದರೆ ಸತ್ತುಹೋಯಿತು ಅಂತ ನಂಬಬೇಡಿ. ಕೀಳಬೇಡಿ, ಬಡಿಯಬೇಡಿ, ಕಾಯಿಸಬೇಡಿ. ಅಲ್ಲಿನ ಫೈರ್ ಡಿಪಾರ್ಟ್‌ಮೆಂಟಿಗೆ ಫೋನ್ ಮಾಡಿ ಏನು ಮಾಡಬೇಕು ಅಂತ ಕೇಳಿ. ಮದ್ದಿನ ಪುಡಿ ಅಳೆಯುವ ಡಬ್ಬಿ ಜೊತೆಗೆ ಬಂದು ಒಳಗೆ ಪುಡಿ ಉಳಿದಿದ್ದರೂ ಹೀಗೇ. ಎಲ್ಲಾ ಸಂದಿಯಲ್ಲೂ ಸೀಸದ ಧೂಳು ಇದ್ದೇ ಇರುತ್ತದೆ. ಗ್ಲೌಸ್ ಹಾಕಿ, ಒಣ ಬ್ರಷ್ ಬಿಟ್ಟು ಒದ್ದೆ ಬಟ್ಟೆಯಲ್ಲೇ ಒರೆಸಿ. ಅಡುಗೆಮನೆಯ ಸಿಂಕು ಬೇಡ, ಮಕ್ಕಳು ಹತ್ತಿರ ಬೇಡ.

ಆಮೇಲೆ ಸೀಮೆಎಣ್ಣೆ, ನೈಲಾನ್ ಬ್ರಷ್, ತಾಳ್ಮೆ. ತಂತಿ ಬ್ರಷ್ಷಿನ ಚಕ್ರ ಹಾಕಿದರೆ ಮೂಲ ಬಣ್ಣ, ಅಕ್ಷರದ ಅಂಚು ಎರಡೂ ಹೋಗುತ್ತವೆ. ಸವೆದ ಮೂಲ ಬಣ್ಣಕ್ಕೇ ಬೆಲೆ ಜಾಸ್ತಿ, ಮಿರಮಿರ ಹೊಸ ಪೇಂಟಿಗೆ ಅಲ್ಲ. ಕೊನೆಗೆ ತೆಳ್ಳಗೆ ವ್ಯಾಕ್ಸ್ ಹಚ್ಚಿಡಿ. ಹಳೇ ರಟ್ಟಿನ ಪೆಟ್ಟಿಗೆ, ಎಣ್ಣೆ ಕಲೆ ಹಿಡಿದ ಸೂಚನಾ ಚೀಟಿ ಸಿಕ್ಕರೆ ಸುಮ್ನೆ ಬಿಸಾಡಬೇಡಿ. ಎಷ್ಟೋ ಸಲ ಕಬ್ಬಿಣಕ್ಕಿಂತ ಅದೇ ಅಪರೂಪ.

ಹುಡುಕುವ ಜಾಗ? ತೀರಿಹೋದವರ ಮನೆ ಸಾಮಾನು ಮಾರುವ ಎಸ್ಟೇಟ್ ಸೇಲ್, ಬಂದೂಕಿನ ಸಂತೆಯಂಥ ಗನ್ ಶೋ, ಹಳ್ಳಿ ಕಡೆಯ ಹರಾಜು. ಆನ್‌ಲೈನಲ್ಲಿ ಕೊಂಡರೆ ಪ್ಯಾಕಿಂಗ್ ಹೇಗಿರಬೇಕು ಅಂತ ಮೊದಲೇ ಹೇಳಿ: ಹ್ಯಾಂಡಲ್ ಬಿಚ್ಚಿರಬೇಕು, ಪೆಟ್ಟಿಗೆಯೊಳಗೆ ಏನೂ ಅಲ್ಲಾಡಬಾರದು. ಬೀಡು ಬಿದ್ದರೆ ಬಗ್ಗುವುದಿಲ್ಲ, ಒಡೆಯುತ್ತದೆ.

ಊರಿಗೆ ಹೋಗುವಾಗ ಒಂದನ್ನು ಸೂಟ್‌ಕೇಸಲ್ಲಿ ಹಾಕಿಕೊಂಡು ಹೋಗೋಣ ಅನ್ನುವ ಆಸೆ ಬೇಡವೇ ಬೇಡ. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡು ಅನ್ನುವುದರ ಅರ್ಥದೊಳಗೆ ಅದನ್ನು ತಯಾರಿಸುವ ಯಂತ್ರವೂ ಸೇರಿದೆ. ಖಾಲಿ ಪ್ರೆಸ್, ಹಳೇದು, ಶೋಕೇಸಿಗೆ ಮಾತ್ರ ಅಂತ ನೀವು ಹೇಳಬಹುದು, ವಿಮಾನ ನಿಲ್ದಾಣದಲ್ಲಿ ಅದು ನಡೆಯುವುದಿಲ್ಲ. ಅಮೆರಿಕದ ಕಡೆಯಿಂದ ರಫ್ತಿನ ನಿಯಮಗಳೂ ಇವೆ. ಊರಿನವರಿಗೆ ತೋರಿಸಬೇಕು ಅನ್ನಿಸಿದರೆ ಒಳ್ಳೇ ಫೋಟೋ ತೆಗೆದು ಕಳಿಸಿ.